ಕೊನೆಯ ವಸ್ತಿ
(ಬಾನುಲಿ ಭಾಷಣ)



ಫೋಟೋ ತೆಗೆಯುವವನನ್ನು ಕರೆದು ರೇಡಿಯೋದಲ್ಲಿ ಮಾತಾಡು ಅಂದರೆ ಅವನ ಪಾಡು ಏನಾಗಬೇಕು ಹೇಳಿ. ನನ್ನ ಸ್ಟುಡಿಯೋದಲ್ಲಾದರೆ ಪಟವನ್ನು ಮುಂದಿಟ್ಟು ಸುಮ್ಮನೆ ಕೂತುಬಿಡುತ್ತೇನೆ. ಉಳಿದದ್ದನ್ನೆಲ್ಲ ಗಿರಾಕಿಗಳೇ ಮಾತಾಡುತ್ತಾರೆ. ಮೂಗು ದಪ್ಪ ಬಂದೇದ, ಸೀರೆ ಬಣ್ಣ ಬ್ಯಾರೆ ಆಗೇದ, ಅತ್ತಿಯವರು ಕಣ್ಣು ಮುಚ್ಯಾರ. ಇಲ್ಲಿ ಮೈಕಿನ ಮುಂದೆ ಆ ಅನುಕೂಲ ಇಲ್ಲ. ಹಾಗಾಗಿ ಇವತ್ತು ನಾಲ್ಕಾರು ಪಟಗಳನ್ನು ಬಾಯಿಂದಲೇ ತೋರಿಸುತ್ತೇನೆ. ನೀವು ಕಣ್ಣು ಮುಚ್ಚಿಕೊಂಡು ನೋಡಬೇಕು.

ಮೊದಲನೆಯದು ನಾನೇ ತೆಗೆದದ್ದು. ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವಾಗ, ರಸ್ತೆಯಿಂದ ಸ್ವಲ್ಪ ಒಳಗೆ, ಕಡಲೆ ಕಿತ್ತ ಎರಿಹೊಲದ ನಡುವೆ ಗಾಲಿ ಇಲ್ಲದ ಒಂದು ಬಸ್ಸು. ಸಾರಿಗೆಯ ಕೆಂಪು ಬಸ್ಸು. ಕೆಂಪು ಅಂದೆನಲ್ಲ, ಅದು ಈಗ ಒಣ ಮೆಣಸಿನಕಾಯಿಯನ್ನು ಎರಡು ಬೇಸಿಗೆ ಬಿಸಿಲಿಗೆ ಬಿಟ್ಟರೆ ಬರುವಂಥ ಬಣ್ಣ. ಕಲ್ಲು ಕಟ್ಟಿ ಅದರ ಮೇಲೆ ಕೂಡಿಸಿದ್ದಾರೆ. ಕಿಟಕಿಗೆ ಗಾಜಿಲ್ಲ, ಗೊಬ್ಬರದ ಚೀಲ ಹೊಲಿದು ಪರದೆ ಮಾಡಿದ್ದಾರೆ. ಒಳಗೆ ಹೊರಸು, ನೀರಿನ ಕೊಡ, ಮೂಲೆಯಲ್ಲಿ ಒಂದಿಷ್ಟು ಉಳ್ಳಾಗಡ್ಡಿ. ಛಾವಣಿಯಲ್ಲಿ ಕಬ್ಬಿಣದ ಬಳೆಗಳು ಸಾಲಾಗಿ ಹಾಗೇ ಇವೆ. ಕಂಡಕ್ಟರ್ ಎಳೆಯುತ್ತಿದ್ದ ಗಂಟೆಯ ಹಗ್ಗ ಅವುಗಳಲ್ಲಿ ಹಾಯ್ದು ಹೋಗುತ್ತಿತ್ತು. ಹಗ್ಗ ಇಲ್ಲ, ಗಂಟೆಯೂ ಇಲ್ಲ. ಮುಂದೆ ಊರಿನ ಬೋರ್ಡು ಹಾಕುವ ಡಬ್ಬಿಯಲ್ಲಿ ಗುಬ್ಬಿ ಗೂಡು ಕಟ್ಟಿತ್ತು.

ಹೊಲದ ಯಜಮಾನರು ಎಪ್ಪತ್ತು ದಾಟಿದವರು. ಎಲ್ಲಿಂದ ತಂದ್ರಿ ಅಂತ ಕೇಳಿದೆ.

"ಹುಬ್ಬಳ್ಳಿ ಗುಜರಿಯವರ ಕಡಿಂದ. ಗಾಲಿ, ಇಂಜಿನ್ನು, ಸೀಟು ಎಲ್ಲಾ ಅವರs ಬಿಚ್ಚಿಕೊಂಡ್ರು. ಖಾಲಿ ಡಬ್ಬಿ ನನಗ ಕೊಟ್ರು. ರಾತ್ರಿ ಕಾಯಾಕ ಬಂದಾಗ ಮಲಗಾಕ ಆತು. ಹತ್ರಿ, ಹತ್ರಿ. ಚೀಟಿ ತಗಸೂದೇನು ಬ್ಯಾಡ."

ಹತ್ತಿ ಕೂತೆ. ಅವರು ಹೇಳಿದರು: "ಇದs ಬಸ್ಸಿನ್ಯಾಗ ನಾನು ಕನ್ಯಾ ನೋಡಾಕ ಹೋಗಿದ್ದೆ."

"ಇದs ಬಸ್ಸೇನ್ರೀ?"

"ಇದಲ್ಲಾಂದ್ರ ಇದರ ಅಜ್ಜ."

ಆ ಹೊತ್ತಿಗೆ ನನ್ನ ಮೊಬೈಲಿನಲ್ಲಿ ಇನ್ನೊಂದು ಪಟ ಇತ್ತು. ಅದನ್ನು ಅವರಿಗೆ ತೋರಿಸಿದೆ. ಅದೇ ಇವತ್ತಿನ ಎರಡನೆಯ ಪಟ.

ನಡು ಸಮುದ್ರ. ಚಪ್ಪಟೆ ತಳದ, ಅಗಲವಾದ ಒಂದು ಸರಕು ದೋಣಿ. ಅದರ ಮೇಲೆ ರೈಲು ಬೋಗಿಗಳನ್ನು ಕಣಕಿ ಬಣವೆಯ ಹಾಗೆ ಒಂದರ ಮೇಲೊಂದು ಒಟ್ಟಿದ್ದಾರೆ. ಬೋಗಿಗಳಿಗೆ ಬಾಗಿಲಿಲ್ಲ, ಕಿಟಕಿಯಿಲ್ಲ, ಗಾಲಿಯಿಲ್ಲ. ದೋಣಿಯ ಮೇಲಿನ ಯಂತ್ರವೊಂದು ಒಂದು ಬೋಗಿಯನ್ನು ಅಂಚಿನಿಂದ ಆಚೆ ತಳ್ಳಿದೆ. ಬೋಗಿಯ ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ. ಸುತ್ತ ಬೆಳ್ಳಗೆ ಎದ್ದ ನೀರು. ಇದು ನ್ಯೂಯಾರ್ಕಿನ ಸಬ್‌ವೇ ರೈಲು, ಅಂದರೆ ನೆಲದಡಿ ಓಡುವ ಊರ ರೈಲು. ಬೀಳುತ್ತಿರುವುದು ಅಟ್ಲಾಂಟಿಕ್ ಸಾಗರಕ್ಕೆ. ತೆಗೆದವರು ಸ್ಟೀಫನ್ ಮಾಲನ್ ಎಂಬ ಅಲ್ಲಿಯ ಫೋಟೋಗ್ರಾಫರ್. 2008ರಿಂದ 2010ರವರೆಗೆ ಮತ್ತೆ ಮತ್ತೆ ಸಮುದ್ರಕ್ಕೆ ಹೋಗಿ ಈ ಒಂದೇ ಕೆಲಸದ ಪಟ ತೆಗೆದರು. ಆಮೇಲೆ 2019ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಒಳಗೇ ಅವುಗಳ ಪ್ರದರ್ಶನ ಆಯಿತು. ನಿತ್ಯ ರೈಲು ಹಿಡಿಯಲು ಓಡುವ ಜನ ಒಂದು ಗಳಿಗೆ ನಿಂತು, ತಾವು ಕೂತಿದ್ದ ಬೋಗಿ ಮುಳುಗುವುದನ್ನು ನೋಡಿದರು.

ಯಜಮಾನರು ಮೊಬೈಲನ್ನು ದೂರ ಹಿಡಿದು ಬಹಳ ಹೊತ್ತು ನೋಡಿದರು. "ಒಗದಬಿಟ್ರಲ್ಲ" ಅಂದರು. ಒಗೆದದ್ದಲ್ಲ, ಮೀನಿಗೆ ಮನೆ ಮಾಡಿಕೊಟ್ಟದ್ದು ಅಂತ ವಿವರಿಸಿದೆ. ಅವರು ನನ್ನ ಮುಖ ನೋಡಿದರು. "ಧರ್ಮಾ ಮಾಡಿದ್ರೋ, ಕೈ ತೊಳಕೊಂಡ್ರೋ?"

ಈ ಪ್ರಶ್ನೆಗೆ ಅಲ್ಲಿಯೇ ಉತ್ತರ ಕೊಡಲು ನನಗೆ ಆಗಲಿಲ್ಲ. ಇವತ್ತು ಕೊಡುವ ಪ್ರಯತ್ನ ಮಾಡುತ್ತೇನೆ. ಅವರ ಹೊಲದಲ್ಲಿ ಟ್ರಾನ್ಸಿಸ್ಟರ್ ಇದ್ದದ್ದನ್ನು ಕಂಡಿದ್ದೇನೆ, ಕೇಳುತ್ತಿರಬಹುದು.

ಮೊದಲು, ಮೀನಿಗೆ ಮನೆ ಅಂದರೆ ಏನು ಅನ್ನುವುದು. ಇದನ್ನು ತಿಳಿಯಲು ನಮ್ಮ ಎರಿಸೀಮೆಯವರು ಸಮುದ್ರಕ್ಕೆ ಹೋಗಬೇಕಾಗಿಲ್ಲ. ಬೇಸಿಗೆಯಲ್ಲಿ ನವಲಗುಂದದ ಬಯಲನ್ನು ನೆನೆಸಿಕೊಳ್ಳಿ. ಕಣ್ಣು ಹಾಯಿಸಿದಷ್ಟೂ ಬಿರುಕು ಬಿಟ್ಟ ಕರಿನೆಲ. ಗಿಡ ಇಲ್ಲ, ಗುಡ್ಡ ಇಲ್ಲ, ಹಕ್ಕಿ ಕೂಡಲು ಟೊಂಗೆ ಇಲ್ಲ. ಅಂಥಲ್ಲಿ ಒಂದು ಬನ್ನಿ ಗಿಡವೋ ಹಳೆಯ ಮಂಟಪವೋ ಇದ್ದರೆ ಊರ ಜೀವವೆಲ್ಲ ಅಲ್ಲಿಯೇ: ಬಿಸಿಲಿಗೆ ಕುರಿ, ನೆರಳಿಗೆ ಕುರುಬ, ಟೊಂಗೆಗೆ ಹಕ್ಕಿ, ಸಂದಿಗೆ ಹಲ್ಲಿ, ಹಲ್ಲಿಯ ಬೆನ್ನಿಗೆ ಹಾವು. ಆ ಯಜಮಾನರ ಬಸ್ಸಿನ ಬೋರ್ಡಿನ ಡಬ್ಬಿಗೆ ಗುಬ್ಬಿ ಬಂದದ್ದೂ ಹಾಗೆಯೇ.

ಅಮೆರಿಕದ ಡೆಲವೇರ್ ರಾಜ್ಯದ ಎದುರಿನ ಸಮುದ್ರದ ತಳವೂ ಇಂಥದೇ ಬಯಲು. ಮರಳು, ರಾಡಿ, ಮತ್ತೆ ಮರಳು. ಸಮುದ್ರದಲ್ಲಿ ತೇಲುವ ಚಿಪ್ಪುಜೀವಿಗಳ ಮರಿಗಳು ಹಿಡಿದುಕೊಳ್ಳಲು ಗಟ್ಟಿಯಾದದ್ದೊಂದನ್ನು ಹುಡುಕುತ್ತಿರುತ್ತವೆ. ಸಿಕ್ಕರೆ ಅಂಟಿ ಬೆಳೆಯುತ್ತವೆ, ಸಿಗದಿದ್ದರೆ ಸಾಯುತ್ತವೆ. ಅಲ್ಲೊಂದು ಕಬ್ಬಿಣದ ಡಬ್ಬಿ ಇಳಿಸಿದರೆ ಕೆಲವೇ ತಿಂಗಳಲ್ಲಿ ಅದರ ಮೈತುಂಬ ಚಿಪ್ಪು, ಪಾಚಿ, ಸಣ್ಣ ಹುಳ. ಅವನ್ನು ತಿನ್ನಲು ಸಣ್ಣ ಮೀನು, ಸಣ್ಣದನ್ನು ತಿನ್ನಲು ದೊಡ್ಡದು. ಇದಕ್ಕೆ ಕೃತಕ ದಿಬ್ಬ ಅನ್ನುತ್ತಾರೆ. ನಮ್ಮ ದೇಶದ ಮೀನುಗಾರರಿಗೆ ಇದು ಹೊಸ ವಿದ್ಯೆಯೇನಲ್ಲ. ತಮಿಳುನಾಡು, ಕೇರಳದ ಕಡೆ ತಲೆಮಾರುಗಳಿಂದ ತೆಂಗಿನ ಗರಿ, ಮರದ ಬೊಡ್ಡೆ, ಕಲ್ಲು ಕಟ್ಟಿ ಸಮುದ್ರಕ್ಕೆ ಇಳಿಸಿ ಮೀನು ಕೂಡಿಸುತ್ತ ಬಂದಿದ್ದಾರೆ. ನಮ್ಮ ಕರಾವಳಿಯಲ್ಲಿ ಬೊಂಡಾಸು ಅನ್ನುವ ಕಡಲಜೀವಿಯನ್ನು ಹಿಡಿಯಲು ತೆಂಗಿನ ಹೊಂಬಾಳೆ ಮುಳುಗಿಸುವ ಪದ್ಧತಿ ಬಂದಾಗ ಅದರ ಮೇಲೆ ಮೀನುಗಾರರ ನಡುವೆಯೇ ಜಗಳವಾದದ್ದೂ ಉಂಟು.

ಈಗ ಆ ರೈಲಿನ ಕಥೆ. ನ್ಯೂಯಾರ್ಕಿನಲ್ಲಿ 1959ರಿಂದ 1964ರ ತನಕ ಬಂದ ಕೆಲವು ಮಾದರಿಯ ಬೋಗಿಗಳಿದ್ದವು. ಪುಂಡರು ಅವುಗಳ ಮೈಮೇಲೆ ಬಣ್ಣದಲ್ಲಿ ಗೀಚುತ್ತಾರೆಂದು 1980ರ ದಶಕದಲ್ಲಿ ಅವಕ್ಕೆಲ್ಲ ಗಾಢ ಕೆಂಪು ಬಳಿದರು. ಜನ ಕೆಂಪು ಹಕ್ಕಿ ಎಂದು ಹೆಸರಿಟ್ಟರು. ಆ ಕೆಂಪು ನಮ್ಮ ಬಸ್ಸಿನ ಕೆಂಪಿನ ಸೋದರಮಾವ ಅನ್ನಬಹುದು, ಸ್ವಲ್ಪ ಕಪ್ಪಿನ ಕಡೆ ವಾಲಿದ ಕೆಂಪು. ವಯಸ್ಸಾದ ಮೇಲೆ ಇವನ್ನು ಏನು ಮಾಡುವುದು ಅನ್ನುವ ಪ್ರಶ್ನೆ ಬಂತು. ಗುಜರಿಗೆ ಹಾಕೋಣ ಅಂದರೆ ಅವುಗಳ ಒಳಪದರದಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇತ್ತು. ಅದನ್ನು ನಿಯಮದಂತೆ ಬಿಡಿಸಿ ತೆಗೆಯಲು ಬೋಗಿಯ ಗುಜರಿ ಬೆಲೆಗಿಂತ ಹೆಚ್ಚು ಖರ್ಚು. ಅಂಟಿನಲ್ಲಿ ಸೇರಿ ಗಟ್ಟಿಯಾದ ಕಲ್ನಾರು ನೀರಿನಡಿ ಧೂಳಾಗಿ ಹಾರುವುದಿಲ್ಲ, ಅಪಾಯವಿಲ್ಲ ಅಂತ ಪರಿಸರ ಇಲಾಖೆಯವರು ಒಪ್ಪಿದರು. ಕೆಲವು ರಾಜ್ಯಗಳು ಒಪ್ಪಲಿಲ್ಲ. ಡೆಲವೇರ್ ಒಪ್ಪಿತು. 2001ರ ಆಗಸ್ಟಿನಲ್ಲಿ ಮೊದಲ ಬೋಗಿ ನೀರಿಗಿಳಿಯಿತು. ದಂಡೆಯಿಂದ 16 ನಾವಿಕ ಮೈಲಿ ದೂರ, 80 ಅಡಿ ಆಳ. ಅಲ್ಲಿ 700ಕ್ಕೂ ಹೆಚ್ಚು ಬೋಗಿಗಳು ಕೂತು, ಆ ಜಾಗಕ್ಕೇ ಕೆಂಪು ಹಕ್ಕಿಯ ದಿಬ್ಬ ಅಂತ ಹೆಸರಾಯಿತು. 2010ಕ್ಕೆ ಈ ಕೆಲಸ ನಿಲ್ಲುವ ಹೊತ್ತಿಗೆ ಅಮೆರಿಕದ ಪೂರ್ವ ಕರಾವಳಿಯ ಐದಾರು ರಾಜ್ಯಗಳ ಎದುರು ಒಟ್ಟು 2,500ಕ್ಕೂ ಹೆಚ್ಚು ಬೋಗಿಗಳು ಸಮುದ್ರ ಸೇರಿದ್ದವು.

ಯಜಮಾನರೇ, ಇಲ್ಲಿಯವರೆಗೆ ನಿಮ್ಮ ಪ್ರಶ್ನೆಗೆ ಉತ್ತರ ಅರ್ಧರ್ಧ. ಕೈ ತೊಳೆದುಕೊಳ್ಳುವ ಲೆಕ್ಕ ಇತ್ತು, ಸುಳ್ಳಲ್ಲ. ಆದರೆ ಬೋಗಿಯನ್ನು ತೊಳೆದರು ಅನ್ನುವುದೂ ನಿಜ. ಎಣ್ಣೆ, ಗ್ರೀಸು, ಗಾಲಿಯ ಜೋಡಣೆ, ಸೀಟು, ಬಾಗಿಲು, ಗಾಜು, ತೇಲಬಹುದಾದದ್ದು, ಕರಗಬಹುದಾದದ್ದು ಎಲ್ಲವನ್ನೂ ಬಿಚ್ಚಿ, ಬೋಗಿಯನ್ನು ಉಜ್ಜಿ ಒರೆಸಿಯೇ ಕಳಿಸಿದರು. ಹೆಣಕ್ಕೆ ನೀರು ಹಾಕುತ್ತೇವಲ್ಲ, ಹಾಗೆ. ಅಲ್ಲಿ ಮೀನು ಎಷ್ಟು ಸೇರಿತೆಂದರೆ ಗಾಳದವರ ದೋಣಿಗಳು ನೂರುಗಟ್ಟಲೆ ಬರತೊಡಗಿ, ಬುಟ್ಟಿಬಲೆ ಹಾಕುವವರಿಗೂ ಅವರಿಗೂ ತಂಟೆ ಹತ್ತಿತು. ನೆರೆಯ ರಾಜ್ಯಗಳು ನಮಗೂ ಬೋಗಿ ಕೊಡಿ ಅಂತ ಸಾಲು ಹಚ್ಚಿದವು.

ಮಾಲನ್ ತೆಗೆದ ಪಟಗಳ ಬಗ್ಗೆ ವೃತ್ತಿಯವನಾಗಿ ಒಂದು ಮಾತು. ಮದುವೆಯಲ್ಲಿ ಅಕ್ಕಿಕಾಳು ಬೀಳುವ ಗಳಿಗೆ ಇರುತ್ತದಲ್ಲ, ಇದೂ ಅಂಥದೇ. ಒಂದೇ ಸಲ. ಇನ್ನೊಮ್ಮೆ ಹಾಕ್ರಿ ಅನ್ನುವಂತಿಲ್ಲ. ಬೋಗಿ ಅಂಚು ದಾಟಿತೋ ಇಲ್ಲವೋ ಮುಗಿಯಿತು. ನಿಂತ ನೆಲವೂ ನೆಲವಲ್ಲ, ಅಲುಗುವ ದೋಣಿ. ಉಪ್ಪುನೀರು ಹಾರಿ ಲೆನ್ಸಿಗೆ ಬಡಿಯುತ್ತದೆ. ಕುಂದಗೋಳದ ಕಡೆಯ ಒಂದು ಮದುವೆಯಲ್ಲಿ ಆ ಗಳಿಗೆಗೆ ಸರಿಯಾಗಿ ನನ್ನ ಬ್ಯಾಟರಿ ಕೈಕೊಟ್ಟು, ವರನ ಅಕ್ಕ ಇವತ್ತಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅದಕ್ಕೇ ಆ ಪಟಗಳನ್ನು ನೋಡಿದಾಗ ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು.

ಎರಡನೆಯದಾಗಿ ಬಂದದ್ದು ಅನುಮಾನ. ಆ ಪಟಗಳಲ್ಲಿ ನಾವು ನೋಡುವುದು ಬೀಳುವುದನ್ನು. ಬಿದ್ದ ಮೇಲಿನದನ್ನಲ್ಲ. ನೀರು ಬೆಳ್ಳಗೆ ಎದ್ದಾಗ ಜಾತ್ರೆಯ ತೇರು ಎಳೆದಷ್ಟು ಚೆಂದ. ಕೆಳಗೆ ಏನಾಯಿತು? ಅದನ್ನು ನೋಡಲು ಮುಳುಗಬೇಕು. ಅಲ್ಲಿ ಫೋಟೋದವನ ಕಷ್ಟವೇ ಬೇರೆ.

ನಾನು ಮುಳುಗಿದ್ದೇನೆ, ಒಂದೇ ಸಲ. ನಗಬೇಡಿ. ಮುರ್ಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ ಅನ್ನುವ ಗುಡ್ಡದ ದ್ವೀಪ ಇದೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ನೀರಿಗಿಳಿಸುತ್ತಾರೆ. ಗೆಳೆಯರ ಮಾತು ಕೇಳಿ, ನೀರು ಹೋಗದ ಪೆಟ್ಟಿಗೆಯಲ್ಲಿ ಕ್ಯಾಮೆರಾ ಹಾಕಿಕೊಂಡು ಹೋದೆ. ದೋಣಿಯಲ್ಲಿ ಹೋಗುವಾಗಲೇ ಬೆಳಗಿನ ನಾಷ್ಟಾ ಸಮುದ್ರಕ್ಕೆ ಅರ್ಪಿತವಾಯಿತು. ಕೆರೆಯಲ್ಲಿ ಈಜು ಕಲಿತವನ ಧೈರ್ಯ ಅಷ್ಟೇ. ಕೆಳಗೆ ಇಳಿದಾಗ ಮಾತ್ರ ಎಲ್ಲ ಮರೆತೆ. ಬಂಡೆಯ ಸಂದಿ ಸಂದಿಯಲ್ಲಿ ಮೀನು, ನಮ್ಮ ಹಳೆಯ ವಾಡೆಯ ಮಾಡಗಳಲ್ಲಿ ದೀಪ ಇಟ್ಟ ಹಾಗೆ. ಮನಸ್ಸಿಗೆ ಬಂದಷ್ಟು ಪಟ ತೆಗೆದೆ. ಊರಿಗೆ ಬಂದು ಕಂಪ್ಯೂಟರಿನಲ್ಲಿ ನೋಡುತ್ತೇನೆ, ಎಲ್ಲವೂ ನೀಲಿ. ಕೆಂಪು ಮೀನೂ ನೀಲಿ, ನನ್ನ ಗೆಳೆಯನ ಕೆಂಪು ಅಂಗಿಯೂ ಬೂದಿ.

ತಪ್ಪು ನನ್ನದೇ. ನೀರು ಬೆಳಕನ್ನು ಬಣ್ಣ ಬಣ್ಣವಾಗಿ ಕುಡಿಯುತ್ತದೆ, ಮೊದಲು ಕುಡಿಯುವುದು ಕೆಂಪನ್ನು. ನಾಲ್ಕೈದು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮಾಸುತ್ತದೆ, ಇನ್ನಷ್ಟು ಇಳಿದರೆ ಕಿತ್ತಳೆ, ಆಮೇಲೆ ಹಳದಿ. ಉಳಿಯುವುದು ಹಸಿರು, ನೀಲಿ. ಕೆಂಪು ಬೇಕಿದ್ದರೆ ನಮ್ಮ ಬೆಳಕನ್ನು ನಾವೇ ಒಯ್ಯಬೇಕು, ಫ್ಲಾಶ್ ಹೊಡೆಯಬೇಕು. ಅದನ್ನೂ ಕ್ಯಾಮೆರಾದ ತಲೆಯ ಮೇಲೆ ಇಟ್ಟು ಹೊಡೆದರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಮಿನುಗಿ, ಕಣದಲ್ಲಿ ಜೋಳ ತೂರುವಾಗ ಹಾರುವ ಹೊಟ್ಟಿನ ಹಾಗೆ ಪಟದ ತುಂಬ ಬಿಳಿ ಚುಕ್ಕೆ. ಬೆಳಕನ್ನು ಮಗ್ಗುಲಿನಿಂದ ಹಾಯಿಸಬೇಕು, ಹತ್ತಿರ ಹೋಗಬೇಕು. ಇಪ್ಪತ್ತೈದು ಮೀಟರ್ ಆಳದಲ್ಲಿ ಕೂತ ಆ ಕೆಂಪು ಹಕ್ಕಿಗಳು ಅಲ್ಲಿಯ ಮೀನುಗಳಿಗೆ ಕೆಂಪಾಗಿ ಕಂಡೇ ಇಲ್ಲ. ಜನ ಪ್ರೀತಿಯಿಂದ ಇಟ್ಟ ಹೆಸರಿನ ಬಣ್ಣ, ಮುಳುಗುತ್ತಲೇ ಕರಗಿ ಹೋಯಿತು.

ನೇತ್ರಾಣಿಯ ಮಾತು ಬಂತು, ಹೇಳಿಬಿಡುತ್ತೇನೆ. ದೇವರು ಮಾಡಿದ ಆ ದಿಬ್ಬವನ್ನು ನಮ್ಮ ನೌಕಾಪಡೆ ವರ್ಷಗಟ್ಟಲೆ ಗುಂಡು ಹೊಡೆಯುವ ಗುರಿಯಾಗಿ ಬಳಸಿತು. ಪರಿಸರದವರು ತಕರಾರು ತೆಗೆದರು. ಒಂದು ಕಡೆ ಇಲ್ಲದ ದಿಬ್ಬ ಕಟ್ಟಲು ರೈಲು ಮುಳುಗಿಸುವುದು, ಇನ್ನೊಂದು ಕಡೆ ಇದ್ದ ದಿಬ್ಬಕ್ಕೆ ಗುಂಡು. ಮನುಷ್ಯರ ವ್ಯವಹಾರ.

ಬಿದ್ದ ಮೇಲಿನ ಕಥೆಗೆ ಬರೋಣ. ಕೆಂಪು ಹಕ್ಕಿಗಳು ದಪ್ಪ ಉಕ್ಕಿನವು. ವರ್ಷಗಳ ಕಾಲ ನಿಂತವು. ಅವು ಮುಗಿದ ಮೇಲೆ ಬಂದವು ಸ್ಟೇನ್‌ಲೆಸ್ ಸ್ಟೀಲಿನ ಬೋಗಿಗಳು, ಬೆಳ್ಳಗೆ ಹೊಳೆಯುವಂಥವು. ಮಾಲನ್ ಪಟಗಳಲ್ಲಿ ಚೆಂದ ಕಾಣುವವು ಇವೇ. ತುಕ್ಕು ಹಿಡಿಯದ ಸ್ಟೀಲು, ಇನ್ನೂ ಹೆಚ್ಚು ಬಾಳುತ್ತವೆ ಅಂತ ಯಾರಿಗಾದರೂ ಅನ್ನಿಸಬೇಕು. ನ್ಯೂಜೆರ್ಸಿಯ ಎದುರು ಇಳಿಸಿದ ಅಂಥ ಬೋಗಿಗಳನ್ನು ಕೆಲವೇ ತಿಂಗಳ ಮೇಲೆ ಮುಳುಗಿ ನೋಡಿದರೆ ತಗಡು ಕಳಚಿ ಕುಸಿದು ಬಿದ್ದಿದ್ದವು. ಮೇಲಿನ ಹೊದಿಕೆ ತೆಳು, ಸಮುದ್ರದ ಜಗ್ಗಾಟ ಜೋರು. 2008ರಲ್ಲಿ ಆ ರಾಜ್ಯ ಸಾಕು ಅಂದುಬಿಟ್ಟಿತು. ಇಪ್ಪತ್ತೈದು ಮೂವತ್ತು ವರ್ಷ ಬಾಳುತ್ತವೆ ಅನ್ನುವ ಮಾತು ತಿಂಗಳುಗಳಲ್ಲಿ ಮುಗಿಯಿತು. ಇದು ಗೊತ್ತಾದದ್ದು ಕ್ಯಾಮೆರಾ ಹಿಡಿದು ಎರಡನೆಯ ಸಲ ಕೆಳಗೆ ಹೋದವರಿಂದ. ಆ ಪಟಗಳಿಗೆ ಯಾವ ರೈಲು ನಿಲ್ದಾಣದಲ್ಲೂ ಚೌಕಟ್ಟು ಹಾಕಿ ಪ್ರದರ್ಶನ ಮಾಡಿದ್ದನ್ನು ನಾನು ಕೇಳಿಲ್ಲ. ನನ್ನ ಲೆಕ್ಕದಲ್ಲಿ ಬೆಲೆ ಅವಕ್ಕೇ ಹೆಚ್ಚು.

ಇನ್ನೂ ಹೀನಾಯವಾದ ಪಟ ಫ್ಲಾರಿಡಾದ್ದು. 1972ರಲ್ಲಿ ಫೋರ್ಟ್ ಲಾಡರ್‌ಡೇಲ್ ಊರಿನ ಎದುರು ಸುಮಾರು 20 ಲಕ್ಷ ಹಳೆಯ ಟೈರುಗಳನ್ನು ಕಟ್ಟುಕಟ್ಟಿ ಸಮುದ್ರಕ್ಕೆ ಹಾಕಿದರು. ಮೀನಿಗೆ ಒಳ್ಳೆಯದು, ಊರಿಗೂ ಒಳ್ಳೆಯದು ಅಂತ ಸಂಭ್ರಮ. ಕಟ್ಟುಗಳು ಹರಿದವು. ಬಿರುಗಾಳಿ ಬಂದಾಗಲೆಲ್ಲ ಟೈರುಗಳು ಉರುಳಿ ಉರುಳಿ ಹತ್ತಿರದ ನಿಜವಾದ ಹವಳದ ದಿಬ್ಬಕ್ಕೇ ಬಡಿದವು. ಅವನ್ನು ಹೆಕ್ಕಲು 2007ರಲ್ಲಿ ಅಲ್ಲಿಯ ಸೇನೆಯ ಮುಳುಗುಗಾರರೇ ಇಳಿಯಬೇಕಾಯಿತು. ಹಾಕಲು ಹತ್ತಿದ್ದು ಸ್ವಲ್ಪ ಕಾಲ, ತೆಗೆಯುವುದು ಮೊಮ್ಮಕ್ಕಳ ಕಾಲಕ್ಕೂ ಮುಗಿಯುವ ಹಾಗಿಲ್ಲ.

ನಮ್ಮ ಕಡೆಗೆ, ಏಷ್ಯಾದ ಕಡೆಗೆ ಬಂದರೆ, ಥಾಯ್ಲೆಂಡಿನವರು 2010ರಲ್ಲಿ ದಕ್ಷಿಣದ ಕಡಲಿಗೆ 25 ಹಳೆಯ ಯುದ್ಧ ಟ್ಯಾಂಕು, 273 ರೈಲು ಡಬ್ಬಿ, 198 ಕಸದ ಲಾರಿ ಇಳಿಸಿದರು. ರಾಣಿಯವರ ಯೋಜನೆ. ಮೀನು ಕಡಿಮೆಯಾಗಿ ಕಂಗಾಲಾಗಿದ್ದ ಸಣ್ಣ ದೋಣಿಯವರಿಗೋಸ್ಕರ. ಬಸ್ಸನ್ನೇ ಇಳಿಸಿದವರು ಶ್ರೀಲಂಕಾದವರು. 2021ರ ಜೂನಿನಲ್ಲಿ ಜಾಫ್ನಾ ಕಡೆಯ ನೆಡುಂತೀವು ದ್ವೀಪದ ಹತ್ತಿರ ಅಲ್ಲಿಯ ಸಾರಿಗೆ ಸಂಸ್ಥೆಯ ಹಳೆಯ ಬಸ್ಸುಗಳು ನೀರಿಗೆ ಬಿದ್ದವು. ಪೇಪರಿನಲ್ಲಿ ಆ ಪಟ ನೋಡಿದಾಗ ನನಗೆ ನಮ್ಮ ಡಿಪೋದ ಬಸ್ಸೇ ಬಿದ್ದಷ್ಟು ಮೈ ಜುಮ್ಮೆಂದಿತು. ಅವೂ ಕೆಂಪೇ. ಆಚೆ ದಂಡೆಯ ರಾಮೇಶ್ವರದ ಮೀನುಗಾರರು ಬಾಯಿ ಬಾಯಿ ಬಡಿದುಕೊಂಡರು: ನಮ್ಮ ಬಲೆ ಹರಿಯುತ್ತದೆ, ಇದು ಮೀನಿಗೆ ಮನೆಯಲ್ಲ, ನಮಗೆ ಬೇಲಿ ಅಂತ. ಒಂದೇ ಬಸ್ಸು. ಒಬ್ಬರಿಗೆ ಮನೆ, ಇನ್ನೊಬ್ಬರಿಗೆ ಬೇಲಿ.

ಹಾಗಾದರೆ ನಮ್ಮ ಬಸ್ಸು? ವಾಯವ್ಯ ಸಾರಿಗೆಯ, ನಮ್ಮ ಧಾರವಾಡ ಜಿಲ್ಲೆಯ ಹಳ್ಳಿ ಹಳ್ಳಿಯ ಧೂಳು ಕುಡಿದ ಬಸ್ಸು? ಆ ಸಂಸ್ಥೆಯ ವ್ಯಾಪ್ತಿಯಲ್ಲೇ ಕಾರವಾರದ ಕಡಲೂ ಬರುತ್ತದೆ, ದೂರವೇನಲ್ಲ. ಇಳಿಸಿದರೆ ಏನು ಅಂತ ನನ್ನ ಮಗನೇ ಕೇಳಿದ.

ಬೇಡ. ಇದು ನನ್ನ ಖಚಿತವಾದ ಅಭಿಪ್ರಾಯ. ಆ ಯಜಮಾನರ ಹೊಲದ ಬಸ್ಸನ್ನು ಬೆರಳಿನಿಂದ ಬಡಿದು ನೋಡಿದ್ದೇನೆ. ಡಬ್ ಡಬ್ ಅನ್ನುತ್ತದೆ. ಉಕ್ಕಿನ ಹಂದರದ ಮೇಲೆ ತೆಳು ತಗಡು, ಕೆಳಗೆ ಪ್ಲೈವುಡ್, ಮೇಲೆ ರೆಕ್ಸಿನ್ನು, ಸ್ಪಂಜು, ರಬ್ಬರು, ಪೇಂಟಿನ ಮೇಲೆ ಪೇಂಟು. ಮುಳುಗಿಸಲು ಲಾಯಕ್ಕಿಲ್ಲದ್ದನ್ನೆಲ್ಲ ಬಿಚ್ಚಿದರೆ ಉಳಿಯುವುದು ಒಂದು ಪಂಜರ. ನ್ಯೂಜೆರ್ಸಿಯ ಹೊಳೆಯುವ ಬೋಗಿಯೇ ನಿಲ್ಲದ ಮೇಲೆ ಇದು ಒಂದು ಮಳೆಗಾಲ ನಿಲ್ಲಲಿಕ್ಕಿಲ್ಲ. ಅದೂ ಅಲ್ಲದೆ ನಮ್ಮಲ್ಲಿ ಇದಕ್ಕೆ ಬೇರೆ ದಾರಿ ಇದೆ. ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಸಿಮೆಂಟ್ ಕಾಂಕ್ರೀಟಿನಲ್ಲಿ ತೂತುಗಳುಳ್ಳ ತ್ರಿಕೋನ, ಬಾವಿಯ ರಿಂಗಿನಂಥ ಉಂಗುರ ಎರಕ ಹೊಯ್ದು, ಮೀನುಗಾರರನ್ನು ಕೂಡಿಸಿಕೊಂಡು ಜಾಗ ಆರಿಸಿ ಇಳಿಸುತ್ತ ಬಂದಿದ್ದಾರೆ. ಮತ್ಸ್ಯ ಸಂಪದ ಯೋಜನೆಯಲ್ಲಿ ಕರಾವಳಿ ರಾಜ್ಯಗಳಿಗೆ ಇದಕ್ಕೆಂದೇ ಹಣ ಕೊಟ್ಟಿದ್ದಾರೆ. ಅದು ಬಸ್ಸಿನಷ್ಟು ಚೆಂದದ ಪಟ ಕೊಡುವುದಿಲ್ಲ, ಸಿಮೆಂಟಿನ ರಿಂಗು ನೀರಿಗೆ ಬಿದ್ದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಕೂತಲ್ಲೇ ಕೂತಿರುತ್ತದೆ.

ಸಮುದ್ರದ ಗೊಡವೆ ನಮಗೇಕೆ ಅನ್ನುವವರಿಗೆ ಒಂದು ಮಾತು. ನಮ್ಮ ಜಿಲ್ಲೆ ಮಾಳಿಗೆಯ ನಡುದಿಣ್ಣೆ ಇದ್ದ ಹಾಗೆ. ಕಲಘಟಗಿಯ ಕಡೆ ಬಿದ್ದ ಮಳೆ ಬೇಡ್ತಿ ಹೊಳೆಯಾಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನುವ ಹೆಸರಿನಲ್ಲಿ ಅಂಕೋಲೆಯ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ಕುಂದಗೋಳ, ನವಲಗುಂದದ ಮಳೆ ಬೆಣ್ಣಿಹಳ್ಳದಲ್ಲಿ ಹರಿದು, ಮಲಪ್ರಭೆ, ಕೃಷ್ಣೆಯ ಪಾಲಾಗಿ ಬಂಗಾಲದ ಕೊಲ್ಲಿಗೆ ಹೋಗುತ್ತದೆ. ನಮ್ಮ ರಸ್ತೆಯ ಮೇಲೆ ಸೋರಿದ ಎಣ್ಣೆ, ಹಳ್ಳಕ್ಕೆ ಎಸೆದ ಟೈರು ಎರಡೂ ಸಮುದ್ರಕ್ಕೆ ದಾರಿ ಬಲ್ಲವು. ಮುಳುಗಿಸಲು ದೋಣಿಯೂ ಬೇಕಾಗಿಲ್ಲ.

ಬಸ್ಸಿಗೆ ಎರಡನೆಯ ಜನ್ಮ ಕೊಡುವುದಾದರೆ ಒಣ ನೆಲದ ಮೇಲೇ ಕೊಡಬಹುದು, ಕೊಟ್ಟಿದ್ದಾರೆ ಕೂಡ. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ 2020ರಲ್ಲಿ ಒಂದು ಹಳೆಯ ಬಸ್ಸನ್ನು ಹೆಣ್ಣುಮಕ್ಕಳ ಶೌಚಾಲಯ ಮಾಡಿದರು, ಮಗುವಿಗೆ ಹಾಲುಣಿಸಲು ಜಾಗ ಸಮೇತ. ತಿರುವನಂತಪುರದ ಮಣಕ್ಕಾಡ್ ಶಾಲೆಯ ಅಂಗಳದಲ್ಲಿ 2022ರಲ್ಲಿ ಕೇರಳ ಸಾರಿಗೆಯ ಬಸ್ಸು ತರಗತಿಯಾಯಿತು. ಎಲ್ಲ ಬಸ್ಸಿಗೂ ಈ ಭಾಗ್ಯ ಬರುವುದಿಲ್ಲ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರಕಾರಿ ವಾಹನಗಳು ರಸ್ತೆಯ ಮೇಲೆ ಇರುವಂತಿಲ್ಲ, ಸಾರಿಗೆ ಸಂಸ್ಥೆಯ ಬಸ್ಸೂ ಸೇರಿ. ಅವು ಅಧಿಕೃತ ಗುಜರಿ ಕೇಂದ್ರಕ್ಕೆ ಹೋಗಬೇಕು, ಕತ್ತರಿಸಿ ಕರಗಿಸಬೇಕು. ಯಜಮಾನರ ಹೊಲದಂಥ ಬಸ್ಸು ಇನ್ನು ಮುಂದೆ ಹುಟ್ಟುವುದು ಕಷ್ಟ.

ಇಲ್ಲಿಯೇ ನನ್ನ ಕೆಲಸ ಶುರುವಾಗುವುದು. ನಮ್ಮ ಸೀಮೆಯ ಬಸ್ಸಿಗೆ ಒಂದು ದೊಡ್ಡ ಕಥೆ ಇದೆ. 1956ಕ್ಕೆ ಮೊದಲು ಇಲ್ಲಿ ಓಡುತ್ತಿದ್ದುದು ಮುಂಬಯಿ ರಾಜ್ಯದ ಸಾರಿಗೆ. ಕೆಲ ಹಳಬರ ಬಾಯಲ್ಲಿ ಈಗಲೂ ಬಸ್ಸು ಅಂದರೆ ಎಸ್‌ಟಿ. ಆಮೇಲೆ ಮೈಸೂರು ರಾಜ್ಯದ್ದು, 1961ರ ಆಗಸ್ಟ್ 1ಕ್ಕೆ ನಿಗಮದ್ದು, 1997ರ ನವೆಂಬರ್ 1ಕ್ಕೆ ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ವಾಯವ್ಯ ಸಾರಿಗೆಯದ್ದು. ಹೋಳಿಹುಣ್ಣಿಮೆಗೆ ನವಲಗುಂದದ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಟಾಪಿನ ಮೇಲೂ ಜನ ಕೂತು ಹೋದ ಬಸ್ಸು. ಬೆಣ್ಣಿಹಳ್ಳ ಬಂದಾಗ ಆಚೆ ದಂಡೆಯಲ್ಲೇ ರಾತ್ರಿ ಕಳೆದ ಬಸ್ಸು. ಊರಿಗೆ ರಾತ್ರಿ ಬಂದು ಮಲಗಿ, ನಸುಕಿನಲ್ಲಿ ಕಾಲೇಜು ಹುಡುಗರನ್ನೂ ಹಾಲಿನ ಕ್ಯಾನನ್ನೂ ಹೊತ್ತು ಹೋದ ವಸ್ತಿ ಬಸ್ಸು. ಡ್ರೈವರ್ ಕಂಡಕ್ಟರರಿಗೆ ಊಟ ಯಾರ ಮನೆಯದು ಅನ್ನುವುದು ಊರಿನ ಸಮಾಚಾರ.

ಇವುಗಳ ಪಟ ಎಷ್ಟಿವೆ? ಹುಡುಕಿ ನೋಡಿದೆ. ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಾವು ವಧೂವರರನ್ನು ತೆಗೆದೆವು, ಸತ್ಕಾರ ಸಮಾರಂಭ ತೆಗೆದೆವು, ದಿನಾ ಹತ್ತಿದ ಬಸ್ಸನ್ನು ತೆಗೆಯಲಿಲ್ಲ. ಅದು ಸಿಕ್ಕಿರುವುದು ಹಿಂದೆ, ಕಳ್ಳನ ಹಾಗೆ: ಮದುವೆ ದಿಬ್ಬಣದ ಹಿಂಬದಿಯಲ್ಲಿ ಅರ್ಧ ಬೋರ್ಡು, ಶಾಲೆಯ ಪ್ರವಾಸದ ಹುಡುಗರ ತಲೆಯ ಮೇಲೆ ಕಿಟಕಿಯ ಸಾಲು. ಒಂದು ಪಟದಲ್ಲಿ, ತವರಿನಿಂದ ಹೊರಟ ಒಬ್ಬ ತಾಯಿ ಕಿಟಕಿಯೊಳಗಿನಿಂದ ಕೈ ಚಾಚಿದ್ದಾರೆ, ಹೊರಗೆ ಅವರ ಅವ್ವ ಆ ಕೈ ಹಿಡಿದಿದ್ದಾರೆ. ಕೈ ಹೊರಗೆ ಚಾಚಬಾರದು ಅನ್ನುವ ಬರಹ ಕಿಟಕಿಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಮಾಲನ್ ಅವರ ಅಷ್ಟೂ ಪಟಗಳ ಎದುರು ಇದೊಂದನ್ನು ಇಡಲು ನಾನು ತಯಾರಿದ್ದೇನೆ.

ಯಜಮಾನರೇ, ನೀವು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ. ದಪ್ಪ ಉಕ್ಕಿನದನ್ನು ತೊಳೆದು, ಜಾಗ ನೋಡಿ ಇಳಿಸಿ, ಮತ್ತೆ ಮತ್ತೆ ಹೋಗಿ ನೋಡಿದವರು ಧರ್ಮ ಮಾಡಿದರು. ಬೀಳಿಸಿ ಪಟ ತೆಗೆಸಿಕೊಂಡು ಮನೆಗೆ ಹೋದವರು ಕೈ ತೊಳೆದುಕೊಂಡರು. ನಿಮ್ಮ ಬಸ್ಸು ನಿಮ್ಮ ಹೊಲದಲ್ಲೇ ಇರಲಿ. ಗುಬ್ಬಿಯ ಗೂಡು ಕೆಡಿಸಬೇಡಿ.

ಉಳಿದ ಕೇಳುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಟ್ರಂಕಿನಲ್ಲಿ, ದೇವರ ಮಾಡದ ಹಿಂದೆ, ಹಳೆಯ ಫೋಟೋ ಆಲ್ಬಮ್ಮಿನಲ್ಲಿ ಬಸ್ಸು ಕಾಣುವ ಪಟ ಒಂದಾದರೂ ಇರಬಹುದು. ಈ ಭಾನುವಾರ ತೆಗೆದು ನೋಡಿ. ಊರು ಯಾವುದು, ಇಸವಿ ಎಷ್ಟು, ಬೋರ್ಡಿನ ಮೇಲೆ ಎಲ್ಲಿಂದ ಎಲ್ಲಿಗೆ ಅಂತ ಇತ್ತು, ಪಕ್ಕದಲ್ಲಿ ನಿಂತವರು ಯಾರು, ಅಷ್ಟನ್ನು ಹಿರಿಯರನ್ನು ಕೇಳಿ ಪಟದ ಹಿಂದೆ ಬರೆದಿಡಿ. ಪೆನ್ನಿನಲ್ಲಿ ಬೇಡ, ಶಾಯಿ ಮುಂದಕ್ಕೆ ಇಳಿಯುತ್ತದೆ. ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ ಬರೆಯಿರಿ.